ಹಸನಬ್ಬ ಬರೆಯದ ಜಾಗ

ಹಸನಬ್ಬನವರು ಮರುಭೂಮಿಯನ್ನು ಗುಡಿಸುತ್ತಿದ್ದರು. ಅಲಂಕಾರಕ್ಕೆ ಹೇಳುವ ಮಾತಲ್ಲ ಇದು. ಕಣಿವೆಯ ಬಾಯಿಯಲ್ಲಿ, ಎರಡು ಬಂಡೆಗಳ ನಡುವೆ, ಒಂದು ಲಾರಿ ದಾಟುವಷ್ಟು ಅಗಲದ ಮರಳಿನ ಪಟ್ಟಿಯೊಂದಿತ್ತು. ಪ್ರತಿ ಸಂಜೆ ಅವರು ಖರ್ಜೂರದ ಗರಿಯ ಕಡ್ಡಿಗಳನ್ನು ಕಟ್ಟಿ ಮಾಡಿದ ಹಿಡಿಸೂಡಿ ಹಿಡಿದು, ಹಿಮ್ಮುಖವಾಗಿ ನಡೆಯುತ್ತಾ, ಆ ಪಟ್ಟಿಯನ್ನು ಮನೆಯಂಗಳದ ಹಾಗೆ ನುಣ್ಣಗೆ ಗುಡಿಸುತ್ತಿದ್ದರು. ಬೆಳಿಗ್ಗೆ ಬಂದು ಕುಕ್ಕರಗಾಲಲ್ಲಿ ಕೂತು ಅದನ್ನು ಓದುತ್ತಿದ್ದರು. ಯಾವ ಜೀಪು ಒಳಗೆ ಹೋಯಿತು, ವಾಪಸ್ ಬಂತೋ ಇಲ್ಲವೋ, ನರಿ ದಾಟಿತೋ, ಕತ್ತೆಗಳು ಎಷ್ಟು.

ಪ್ರತಿ ಸಂಜೆ ಎಂದು ಬರೆದೆ. ನಿಜವಾಗಿ ಅವರು ಗುಡಿಸಿದ್ದನ್ನು ನಾನು ಕಂಡದ್ದು ಎರಡೋ ಮೂರೋ ಸಲ. ಉಳಿದ ಸಂಜೆಗಳನ್ನು ನೆನಪು ತಾನಾಗಿ ಸೇರಿಸಿಕೊಂಡಿದೆ. ಕಣ್ಣೆದುರು ಇಲ್ಲದವರನ್ನು ನೆನೆಯುವಾಗ ಅವರ ಒಂದು ದಿನವನ್ನು ತೆಗೆದು ಇಡೀ ಬದುಕಿಗೆ ಬಳಿದುಬಿಡುವುದು ಸುಲಭ. ಹಾಗಾಗಿ ನನಗೆ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಹೇಳುತ್ತೇನೆ. ಕಣಿವೆಯ ಹೆಸರು ಖಚಿತವಾಗಿ ಗೊತ್ತು, ಆದರೆ ಅದನ್ನು ಬರೆಯುವುದಿಲ್ಲ. ದುಬೈಯಿಂದ ಒಮಾನ್ ಗಡಿಯ ಕಡೆಗೆ ಒಂದೂವರೆ ಗಂಟೆಯ ದಾರಿ ಎಂದರೆ ಸಾಕು.

ಅವರ ಊರು ಬಂಟ್ವಾಳದ ಹತ್ತಿರ. ಐದನೆಯ ತರಗತಿವರೆಗೆ ಕನ್ನಡ ಶಾಲೆ, ಆಮೇಲೆ ಬೀಡಿ ಎಲೆಯ ವ್ಯಾಪಾರಿಯ ಹತ್ತಿರ ಕೆಲಸ, ಆಮೇಲೆ ಗಲ್ಫು, ಹಡಗಲ್ಲ, ವಿಮಾನವೇ. ಮೊದಲು ರಸ್ತೆ ಕೆಲಸದವರ ಕ್ಯಾಂಪಿನಲ್ಲಿ ಅಡುಗೆಯವರಾಗಿದ್ದರು. ರಸ್ತೆ ಮುಗಿದು ಕ್ಯಾಂಪು ಎದ್ದಾಗ ಇವರೊಬ್ಬರು ಬೆಟ್ಟದಲ್ಲೇ ಉಳಿದರು. ಅಲ್ಲಿನ ಹಳ್ಳಿಯ ಸಯೀದ್ ಎಂಬ ಮುದುಕರು ತಮ್ಮ ಆಡುಗಳನ್ನು ನೋಡಿಕೊಳ್ಳಲು ಇಟ್ಟುಕೊಂಡರು. ಮುಂದೆ ಸರಕಾರದ ಒಂದು ಇಲಾಖೆ ಕಣಿವೆಯನ್ನು ಕಾಯ್ದಿಡಬೇಕೆಂದು ತೀರ್ಮಾನಿಸಿ ಕಾವಲಿಗೆ ಜನ ಹುಡುಕಿದಾಗ, ಸಯೀದ್ ಇವರನ್ನೇ ಮುಂದೆ ನಿಲ್ಲಿಸಿದರು. ಹೀಗೆ ಆಡು ಕಾಯುತ್ತಿದ್ದವರು, ಊರಾಡುಗಳು ಕಣಿವೆಗೆ ನುಗ್ಗದಂತೆ ಕಾಯುವವರಾದರು. 'ಮೊದ್ಲು ಹೊಡ್ಕೊಂಡು ಹೋಗುದು, ಈಗ ಓಡಿಸುದು. ಆಡುಗಳಿಗೆ ನನ್ನ ತಲೆ ಸರಿ ಇಲ್ಲ ಅಂತ ಕಾಣ್ತದೆ' ಎನ್ನುತ್ತಿದ್ದರು.

ನಾನು ಮೈಸೂರಿನವನು. ದುಬೈಯ ಒಂದು ಕನ್ಸಲ್ಟೆನ್ಸಿ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. ಅವರನ್ನು ಮೊದಲು ಕಂಡದ್ದು ಕೆಲಸದ ಮೇಲಲ್ಲ, ಪಿಕ್‌ನಿಕ್ಕಿನಲ್ಲಿ. ತೊಂಬತ್ತರ ದಶಕದ ಕೊನೆಯ ವರ್ಷಗಳು. ದುಬೈ, ಅಬುಧಾಬಿಗಳ ಕನ್ನಡದವರು ನಲವತ್ತು ಜನ ಒಂದು ಬಸ್ಸು ಮಾಡಿಕೊಂಡು ಶುಕ್ರವಾರ ಆ ಕಣಿವೆಗೆ ಹೋಗಿದ್ದೆವು. ಬಿಸಿಬೇಳೆ ಭಾತು, ಮೊಸರನ್ನ, ಹಪ್ಪಳ. ಊಟವಾದ ಮೇಲೆ ಹೆಂಗಸರು ಪಾತ್ರೆಗಳನ್ನು ಕೆಳಗಿನ ನೀರಿನ ಗುಂಡಿಯ ಹತ್ತಿರ ತಂದು ಸೋಪಿನ ಪುಡಿಯ ಪೊಟ್ಟಣ ಬಿಚ್ಚಿದರು. ಎಲ್ಲಿಂದಲೋ ಒಬ್ಬ ಸಣಕಲು ಮನುಷ್ಯ ಬಂದು, ಕೈ ಅಡ್ಡ ಹಿಡಿದು, ಹಿಂದಿಯಲ್ಲಿ ಬೇಡ ಎಂದ. ತಲೆಗೆ ಕೆಂಪು ಚೌಕಳಿಯ ಬಟ್ಟೆ, ಮೈಮೇಲೆ ಇಲಾಖೆಯ ನೀಲಿ ಅಂಗಿ. ಅಥವಾ ಖಾಕಿ.

ನಮ್ಮ ಪೈಕಿ ಅಬುಧಾಬಿಯ ಬನಿಯಾಸಿನಿಂದ ಬಂದಿದ್ದ ಮೂರ್ತಿ, ಬ್ಯಾಂಕಿನವನು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದ: "ಮಲಬಾರಿ ಕಣ್ರೀ ಇವನು. ಎರಡು ನಿಮಿಷ ಕೂಗಾಡ್ತಾನೆ, ಆಮೇಲೆ ಹೋಗ್ತಾನೆ. ನೀವು ತೊಳೀರಿ."

ಆ ಮನುಷ್ಯ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, "ಎರಡು ನಿಮಿಷ ಅಲ್ಲ ಮಾರಾಯ್ರೆ, ನನ್ನ ಡ್ಯೂಟಿ ಆರು ಗಂಟೆವರೆಗೆ ಉಂಟು" ಎಂದರು.

ಯಾರೂ ಪಾತ್ರೆ ತೊಳೆಯಲಿಲ್ಲ. ಮೂರ್ತಿ ಬಸ್ಸಿನ ಹಿಂದೆ ಹೋಗಿ ಸಿಗರೇಟು ಹಚ್ಚಿದ. ನಾನು ಹತ್ತಿರ ಹೋಗಿ ಊರು ಕೇಳಿದೆ, ಹೇಳಿದರು. ಗುಂಡಿಯಲ್ಲಿ ಬೆರಳುದ್ದದ ಮೀನುಗಳಿದ್ದವು. ಸೋಪಿನ ನೊರೆ ಬಿದ್ದರೆ ಅವು ಹೊಟ್ಟೆ ಮೇಲೆ ಮಾಡುತ್ತವೆ ಎಂದರು. ನೀವು ಕುಡಿಯುವ ಲೋಟಕ್ಕೆ ನಾನು ಬಂದು ಸಾಬೂನು ಹಾಕಿದರೆ ಹೇಗಾಗುತ್ತದೆ ಎಂದೂ ಕೇಳಿದರು. ಮೃದುವಾಗಿ ಕೇಳಲಿಲ್ಲ. ಅವರ ಮಾತಿನಲ್ಲಿ ಮೃದುತ್ವ ಇತ್ತೆಂದು ಬರೆಯಲು ಕೈ ಹೋಗುತ್ತದೆ, ಇರಲಿಲ್ಲ. ಜನರ ಮೇಲೆ ಅವರಿಗೆ ಕೋಪವಿತ್ತು. ಕತ್ತೆಗಳ ಮೇಲೆ ಇನ್ನೂ ಹೆಚ್ಚು. ಸಾಕಿ ಬಿಟ್ಟ ಕತ್ತೆಗಳು ನೀರಿಗಿಳಿದು ಹೊಲಸು ಮಾಡುತ್ತವೆಂದು ಕಲ್ಲು ಬೀಸುತ್ತಿದ್ದರು, ಗುರಿ ತಪ್ಪುತ್ತಿರಲಿಲ್ಲ. ನೀರು ತಾರದೆ ಬೆಟ್ಟ ಹತ್ತಲು ಬಂದವರಿಗೆ ತಮ್ಮ ಕ್ಯಾನಿನಿಂದ ಕೊಡುವ ಮೊದಲು ಹತ್ತು ನಿಮಿಷ ಬೈಯುತ್ತಿದ್ದರು. ಅವರ ಚಹಾ ಕುಡಿಯಲಾಗುತ್ತಿರಲಿಲ್ಲ.

ಒಂದೆರಡು ವರ್ಷದ ಮೇಲೆ, ಆ ಕಣಿವೆಯನ್ನು ಹೇಗೆ ನಿರ್ವಹಿಸಬೇಕು ಎಂಬ ಯೋಜನೆ ಬರೆಯುವ ಕೆಲಸ ನಮ್ಮ ಆಫೀಸಿಗೇ ಬಂತು. ಎಲ್ಲಿ ಜನ ಹೋಗಬಹುದು, ಎಲ್ಲಿ ಕೂಡದು, ಯಾವ ಪ್ರಾಣಿ ಎಷ್ಟಿವೆ. ನಮ್ಮ ಮ್ಯಾನೇಜರ್ ಸ್ಕಾಟ್ಲೆಂಡಿನವರು, ಕೆಲಸದಲ್ಲಿ ಪ್ರಾಮಾಣಿಕರು. ಒಂದು ದಿನ ನನ್ನ ಮೇಜಿನ ಮೇಲೆ ಐದಾರು ನೋಟ್‌ಬುಕ್ಕುಗಳನ್ನಿಟ್ಟು, ಇದು ನಿನ್ನ ಭಾಷೆಯೇ ಎಂದು ಕೇಳಿದರು. ಕಣಿವೆಯ ಬಗ್ಗೆ ಆರು ವರ್ಷ ಬಿಡದೆ ಯಾರಾದರೂ ಬರೆದಿಟ್ಟದ್ದು ಇದೊಂದೇ, ಇಲಾಖೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ ಎಂದರು.

ಹಸನಬ್ಬನವರ ಬರಹ, ಶಾಲೆಯ ಮಕ್ಕಳ ದುಂಡು ಕನ್ನಡ ಅಕ್ಷರ. 'ಇವತ್ತು ಗಾಳಿ. ಜೀಪು ಎರಡು. ನರಿ ಒಂದು.' 'ಕತ್ತೆ ಹದಿನೊಂದು, ಓಡಿಸಿದೆ.' 'ಮಳೆ ಬಂತು, ಸ್ವಲ್ಪ, ದೇವರು ದೊಡ್ಡವನು.' ಆಗಾಗ, ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚಾಗಿ: 'ಅಲ್ಲಿ ಕಾಡಾಡು ಮೂರು, ಮರಿ ಒಂದು.' 'ಅಲ್ಲಿ ನೀರು ಒಂದು ಮೊಳ ಇಳಿದಿದೆ.' 'ಅಲ್ಲಿ ಸತ್ತ ಕತ್ತೆ, ಎಳೆದು ಹಾಕಿದೆ.' ಎಲ್ಲ ಜಾಗಗಳಿಗೂ ಅವರು ಹೆಸರಿಟ್ಟಿದ್ದರು: ದೊಡ್ಡ ಬಂಡೆ, ಮುಳ್ಳು ಮರ, ಸಯೀದರ ಹಳೇ ಕೊಟ್ಟಿಗೆ. ಆ ಒಂದು ಜಾಗಕ್ಕೆ ಮಾತ್ರ ಆರೂ ವರ್ಷ 'ಅಲ್ಲಿ' ಎಂದಷ್ಟೇ ಬರೆದಿದ್ದರು.

ಕಾಡಾಡು ಎಂದರೆ ಆ ಬೆಟ್ಟಗಳಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಜಾತಿಯ ಗಿಡ್ಡ ಆಡು. ನಮ್ಮ ತಜ್ಞರು ಅದು ಆ ಕಣಿವೆಯಲ್ಲಿ ಮುಗಿದೇ ಹೋಗಿದೆ ಎಂದುಕೊಂಡಿದ್ದರು. ನಾನು ಆ ಸಾಲುಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದಾಗ ಆಫೀಸಿನವರೆಲ್ಲ ನನ್ನ ಮೇಜಿನ ಸುತ್ತ ಸೇರಿದರು. ಎಲ್ಲರೂ ಕೇಳಿದ್ದು ಒಂದೇ: 'ಅಲ್ಲಿ' ಎಂದರೆ ಎಲ್ಲಿ?

ಅದನ್ನು ತಿಳಿಯಲು ನನ್ನನ್ನು ಕಳಿಸಿದರು.

ಆ ಬೇಸಿಗೆ ನಾನು ಏಳೆಂಟು ಸಲ ಹೋಗಿರಬೇಕು. ಹಸನಬ್ಬನವರು ಬೇರೆಲ್ಲ ತೋರಿಸಿದರು, ಅದನ್ನು ಬಿಟ್ಟು. ತಗಡಿನ ಕೋಣೆಯ ನೆರಳಲ್ಲಿ ಕೂತು ತಮ್ಮ ನೋಟ್‌ಬುಕ್ಕನ್ನು ನನ್ನಿಂದ ಓದಿಸಿ ಕೇಳುತ್ತಿದ್ದರು. ತಾವು ಬರೆದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಅವರಿಗೆ ಅದೇ ಮೊದಲು. ಮಾತಿನ ನಡುವೆ ಒಂದು ದಿನ, ಹಿಂದಿನ ವರ್ಷ ದೊಡ್ಡ ಮಗಳ ನಿಕಾಹಿಗೆ ತಾವು ಊರಿಗೆ ಹೋಗಲಿಲ್ಲ ಎಂದರು. ರಜೆ ಸಿಗಲಿಲ್ಲವೇ ಎಂದೆ. ರಜೆ ಮಂಜೂರಾಗಿತ್ತು, ಟಿಕೆಟ್ಟೂ ಬಂದಿತ್ತು. ಆದರೆ ಜುಲೈ. ಜುಲೈಯಲ್ಲಿ 'ಅಲ್ಲಿ' ನೀರು ತೀರಾ ಇಳಿಯುತ್ತದೆ, ಬಾಯಾರಿ ಬಂದ ಕಾಡಾಡಿನ ಮರಿ ಒಳಗೆ ಬಿದ್ದರೆ ಹತ್ತಿ ಬರಲಾರದು. ಅವರು ಕಲ್ಲು ಹೊತ್ತು ಹಾಕಿ ಮೆಟ್ಟಿಲು ಕಟ್ಟಿದ್ದರು. ನೀರು ಇಳಿದ ಹಾಗೆ ಮೆಟ್ಟಿಲನ್ನೂ ಇಳಿಸುತ್ತಾ ಹೋಗಬೇಕಿತ್ತು.

"ಮಗಳಿಗೆ ಬೇಸರ ಆಗಲಿಲ್ಲವಾ ಕಾಕಾ?" ಎಂದು ಕೇಳಿದೆ.

"ಆಗದೆ ಎಂತ. ಫೋನಲ್ಲಿ ಅತ್ತಳು. ಅವಳ ಹತ್ರ ಜನ ಇದ್ದಾರೆ ಅಲ್ವಾ, ನೂರಾರು. ಇವುಕ್ಕೆ ಯಾರು ಉಂಟು?"

ಇದನ್ನು ಕೇಳಿ ನನಗೆ ಅವರ ಮೇಲೆ ಗೌರವ ಹುಟ್ಟಿತು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ದುಬೈಯ ಮಿರ್ದಿಫಿನ ಮನೆಯಲ್ಲಿ ಕೂತು, ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳನ್ನು ನೋಡುತ್ತಾ ಇದನ್ನು ಬರೆಯುವಾಗ ಬೇರೆಯೇ ಅನಿಸುತ್ತದೆ. ಆ ದಿನ ನನಗೆ ಆದದ್ದು ಬಹುಶಃ ಸಿಟ್ಟು. ಬಂಟ್ವಾಳದ ಆ ಹುಡುಗಿಯ ಪರವಾಗಿ.

ಕೊನೆಗೆ ಅವರೇ ಕರೆದರು. ನಾನು ಕೇಳುವುದನ್ನು ಬಿಟ್ಟ ಮೇಲೆ. ಬೆಳಕು ಹರಿಯುವ ಹೊತ್ತಿಗೆ ಹೊರಟು, ಎರಡೂವರೆ ಗಂಟೆ ಬಂಡೆಗಳನ್ನು ಏರಿ ಹೋದೆವು. ಕಣಿವೆ ಇಕ್ಕಟ್ಟಾಗುತ್ತಾ ಹೋಗಿ, ಎರಡೂ ಕೈ ಚಾಚಿದರೆ ಗೋಡೆ ತಾಗುವಷ್ಟಾಯಿತು. ಅದು ಮುಗಿದಲ್ಲಿ ಒಂದು ನೀರಿನ ಗುಂಡಿ. ನಮ್ಮ ಊರಿನ ಬಾವಿಕಟ್ಟೆಗಿಂತ ದೊಡ್ಡದೇನಲ್ಲ. ಹಸಿರು ನೀರು, ಅಂಚಿನಲ್ಲಿ ಹಸನಬ್ಬನವರ ಮೆಟ್ಟಿಲು. ಅವರು ನನ್ನನ್ನು ಹತ್ತಿರ ಬಿಡಲಿಲ್ಲ. ಮೇಲಿನ ಒಂದು ಪೊಟರೆಯಲ್ಲಿ ಕೂರಿಸಿ ಕಾದರು. ನೀರಿನ ಪಕ್ಕ ಕೂರಬಾರದು, ಬೇಕಾದಷ್ಟು ತೆಗೆದುಕೊಂಡು ದೂರ ಹೋಗಿ ಬಿಡಾರ ಮಾಡಬೇಕು, ಏಕೆಂದರೆ ನಾವು ಕೂತಷ್ಟು ಹೊತ್ತು ಉಳಿದ ಜೀವಗಳು ಬಾಯಾರಿ ನಿಂತಿರುತ್ತವೆ. ಇದು ಆ ಬೆಟ್ಟದವರ ಕಟ್ಟಳೆ, ಸಯೀದರಿಂದ ಇವರಿಗೆ ಬಂದದ್ದು.

ಅವು ಬಂದವು. ಎರಡು ದೊಡ್ಡವು, ಒಂದು ಮರಿ. ಕೆಂಚು ಬಣ್ಣ, ಕಾಲಿಗೆ ಉದ್ದ ಕೂದಲು. ಮರಿ ಮೆಟ್ಟಿಲಿನಲ್ಲೇ ಇಳಿಯಿತು. ಹಸನಬ್ಬ ಒಂದು ಕೈಯಿಂದ ನನ್ನ ಮೊಣಕೈ ಹಿಡಿದಿದ್ದರು. ಆ ಹಿಡಿತ ಮಾತ್ರ ನನಗೆ ಖಚಿತವಾಗಿ ನೆನಪಿದೆ.

ಮುಂದಿನದು ನನ್ನಲ್ಲಿ ಮೂರು ರೀತಿಯಲ್ಲಿ ಉಳಿದಿದೆ. ಒಂದರಲ್ಲಿ, ಹಿಂದಿರುಗುವಾಗ ಅವರು ನಿಂತು, "ಇದು ಬರಿಬೇಡಿ, ಆಯ್ತಾ?" ಎಂದರು, ನಾನು ತಲೆಯಾಡಿಸಿದೆ. ಇನ್ನೊಂದರಲ್ಲಿ, ಅವರು ಏನೂ ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಳ್ಳಬೇಕಿತ್ತು. ಮೂರನೆಯದರಲ್ಲಿ, ಹೇಳಿದರು, ಆದರೆ ನಾನು ಮುಂದೆ ಹೋಗಿಬಿಟ್ಟಿದ್ದೆ, ಕೇಳಿಸಲಿಲ್ಲ. ಈ ಮೂರರಲ್ಲಿ ಎರಡು ನನ್ನನ್ನು ಉಳಿಸುವುದಕ್ಕಾಗಿ ಹುಟ್ಟಿದವು. ಯಾವ ಎರಡು ಎಂದು ನನಗೆ ಗೊತ್ತು.

ಆಫೀಸಿನಲ್ಲಿ ನೋಟ್‌ಬುಕ್ಕಿನ ಸಾಲುಗಳನ್ನೆಲ್ಲ ಕಂಪ್ಯೂಟರಿನ ಒಂದು ಪಟ್ಟಿಗೆ ಇಳಿಸುತ್ತಿದ್ದೆ. ದಿನ, ಪ್ರಾಣಿ, ಸಂಖ್ಯೆ, ಜಾಗ. 'ಅಲ್ಲಿ' ಬಂದ ಕಡೆಯೆಲ್ಲ ಜಾಗದ ಕಾಲಂ ಖಾಲಿ. ಖಾಲಿ ಬಿಟ್ಟ ಸಾಲನ್ನು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ, ಎಲ್ಲವನ್ನೂ ತೆಗೆದುಹಾಕಬೇಕು ಎಂದರು ಮ್ಯಾನೇಜರ್. ಅಂದರೆ ಆರು ವರ್ಷದ ಕಾಡಾಡುಗಳೆಲ್ಲ ಅಳಿಸಿಹೋಗುತ್ತವೆ. ವರದಿಯಲ್ಲಿ ಈ ಕಣಿವೆಯಲ್ಲಿ ಅವು ಇಲ್ಲ ಎಂದಾಗುತ್ತದೆ. ಇಲ್ಲ ಎಂದಾದರೆ ಮೇಲಿನ ಭಾಗವನ್ನು ಕಾಯುವ ಕಾರಣವೇ ಇರುವುದಿಲ್ಲ, ಕಲ್ಲು ಗಣಿಯವರು ಅದಕ್ಕೇ ಹೊಂಚುಹಾಕಿದ್ದರು. ಇದು ಸುಳ್ಳಲ್ಲ. ನಿಂತ ಜಾಗದ ಅಕ್ಷಾಂಶ ರೇಖಾಂಶ ಹೇಳುವ ಸಣ್ಣ ಯಂತ್ರ ಆ ದಿನ ನನ್ನ ಜೇಬಿನಲ್ಲಿತ್ತು, ಪೊಟರೆಯಲ್ಲಿ ಕೂತಾಗಲೇ ಅದರ ಗುಂಡಿ ಒತ್ತಿದ್ದೆ. ಅಂಕಿಗಳು ನನ್ನ ಹತ್ತಿರವೇ ಇದ್ದವು. ತುಂಬಿದೆ. ತುಂಬಿದಾಗ ನನಗಾದದ್ದು ಸಂಕಟವಲ್ಲ, ಕೆಲಸ ಮುಗಿದ ಸಮಾಧಾನ.

ವರದಿ ಒಪ್ಪಿಗೆಯಾಯಿತು. ಗಣಿಯವರಿಗೆ ಕಣಿವೆ ಸಿಗಲಿಲ್ಲ. ಆ ಮಟ್ಟಿಗೆ ನಾನು ಮಾಡಿದ್ದು ಸರಿ ಎಂದು ಹೇಳುವವರಿದ್ದಾರೆ, ಕೆಲವು ದಿನ ನಾನೂ ಅವರಲ್ಲಿ ಒಬ್ಬ. ಆದರೆ ನಕ್ಷೆ ಎಂಬುದು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಪ್ರವಾಸಿಗರಿಗೆ ದಾರಿ ಮಾಡುವ ಇನ್ನಾವುದೋ ವಿಭಾಗದ ಕೈಗೆ ಅದು ಸಿಕ್ಕಿತು. ಬೆಟ್ಟದ ಹಿಂಬದಿಯಿಂದ ಬುಲ್ಡೋಜರ್ ಬಿಟ್ಟು ಜೀಪು ಹೋಗುವ ದಾರಿ ತೆಗೆದರು. ಕವಲುಗಳಲ್ಲಿ ಬೋರ್ಡು ನೆಟ್ಟರು. ನೀಲಿ ಬೋರ್ಡಿನ ಮೇಲೆ ಬಿಳಿ ಬಣ್ಣದ ಅಲೆಗಳು, ಈಜುವ ಮನುಷ್ಯನ ತಲೆ.

ದಾರಿಯಾದ ವರ್ಷದ ಬೇಸಿಗೆಯ ಶುಕ್ರವಾರಗಳಂದು ಅಲ್ಲಿ ಹತ್ತಿಪ್ಪತ್ತು ಜೀಪುಗಳು ನಿಲ್ಲುತ್ತಿದ್ದವಂತೆ. ಬೆಳಿಗ್ಗೆ ಬಂದವರು ಸಂಜೆಯವರೆಗೆ ನೀರಿನ ಪಕ್ಕ ಕೂತು ಮಾಂಸ ಸುಟ್ಟು ತಿನ್ನುತ್ತಿದ್ದರು. ಕೆಟ್ಟವರೇನಲ್ಲ, ನಮ್ಮಂಥವರೇ. ಹಸನಬ್ಬನವರ ಮೆಟ್ಟಿಲಿನ ಕಲ್ಲುಗಳನ್ನು ಒಲೆಗೆ ಎತ್ತಿಕೊಂಡಿದ್ದರು. ಅವರನ್ನು ಏಳಿಸುವ ಅಧಿಕಾರ ಹಸನಬ್ಬನವರಿಗೆ ಇರಲಿಲ್ಲ. ಅದು ಈಗ ತೆರೆದ ಜಾಗ, ನೀನು ಕೆಳಗಿನ ಗೇಟು ನೋಡಿಕೋ ಎಂದು ಇಲಾಖೆಯಿಂದ ಹೇಳಿದ್ದರು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಆಫೀಸಿಗೆ ನನಗೆ ಫೋನು ಬಂತು. ಹಳ್ಳಿಯ ಅಂಗಡಿಯಿಂದ ಮಾಡಿದ್ದರು. ನಮಸ್ಕಾರವಿಲ್ಲ, ಕ್ಷೇಮವಿಲ್ಲ.

"ತಾಯಿ ಮತ್ತೆ ಮರಿ" ಎಂದರು. "ಹಳ್ಳಿ ತೋಟದ ಸಿಮೆಂಟು ಟ್ಯಾಂಕಿಗೆ ಬಿದ್ದು ಸತ್ತಿದಾವೆ. ನೀರು ಹುಡುಕಿಕೊಂಡು ಅಷ್ಟು ಕೆಳಗೆ ಬಂದಿದಾವೆ. ಟ್ಯಾಂಕಿಗೆ ಮೆಟ್ಟಿಲು ಇಲ್ಲ ನೋಡಿ."

ಅಷ್ಟು ಹೇಳಿ ಫೋನು ಇಟ್ಟುಬಿಟ್ಟರು.

ಆ ವಾರವೇ ಅವರು ಎಲ್ಲ ಬೋರ್ಡುಗಳನ್ನೂ ಕಿತ್ತರು. ಹಾಡಹಗಲು, ಒಂದೊಂದಾಗಿ, ಹಾರೆ ಹಾಕಿ. ಜೀಪಿನ ದಾರಿಗೆ ಅಡ್ಡವಾಗಿ ಕಲ್ಲು ಪೇರಿಸಿದರು. ಯಾರೋ ಫೋಟೋ ತೆಗೆದು ಇಲಾಖೆಗೆ ಕೊಟ್ಟರು. ಕೇಳಿದಾಗ ಹೌದು ನಾನೇ ಎಂದರಂತೆ. ಸರಕಾರಿ ಸೊತ್ತು ಹಾಳು ಮಾಡಿದ ಕಾವಲುಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ. ಊರಿಗೆ ಕಳಿಸಿಬಿಡುವುದರಲ್ಲಿದ್ದರು. ಮುದುಕ ಸಯೀದ್ ಯಾರ ಯಾರಲ್ಲೋ ಹೇಳಿ, ವೀಸಾ ಬದಲಿಸಿ, ಜೆಬೆಲ್ ಅಲಿ ಬಂದರಿನ ಒಂದು ಗೋದಾಮಿನ ಗೇಟಿಗೆ ಹಾಕಿಸಿದರು. ನೋಟ್‌ಬುಕ್ಕುಗಳು ನಮ್ಮ ಆಫೀಸಿನಲ್ಲೇ ಉಳಿದವು. ಆಫೀಸು ಬೇರೆ ಕಟ್ಟಡಕ್ಕೆ ಹೋದಾಗ ಅವು ಏನಾದವೋ. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ.

ಜೆಬೆಲ್ ಅಲಿಗೆ ಹೋಗಲು ನನಗೆ ಐದು ತಿಂಗಳು ಬೇಕಾಯಿತು. ಹೋಗುವ ಮುಂಚಿನ ವಾರ, ನನ್ನ ಹತ್ತಿರ ಹೇಳಲು ಏನಾದರೂ ಇರಲಿ ಎಂದು, ಒಬ್ಬನೇ ಆ ಗುಂಡಿಗೆ ಹೋಗಿ ಪೊಟರೆಯಲ್ಲಿ ಬೆಳಗಿನಿಂದ ಮೂರು ಗಂಟೆಯವರೆಗೆ ಕೂತೆ. ಎರಡು ಸಂಸಾರಗಳು ಬಂದು ಊಟ ಮಾಡಿಕೊಂಡು ಹೋದವು. ಒಂದು ಪ್ಲಾಸ್ಟಿಕ್ ಚೀಲ ನೀರಿನ ಮೇಲೆ ಸುತ್ತುತ್ತಿತ್ತು. ಬೇರೆ ಏನೂ ಬರಲಿಲ್ಲ.

ಗೋದಾಮಿನ ಗೇಟಿನಲ್ಲಿ ಹಸನಬ್ಬನವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಇನ್ನೂ ಸಣ್ಣಗಾಗಿದ್ದರು. ಎದ್ದು ನನಗೆ ಕುರ್ಚಿ ಕೊಟ್ಟು ತಾವು ತಲೆಕೆಳಗಾಗಿಟ್ಟ ಬಕೆಟ್ಟಿನ ಮೇಲೆ ಕೂತರು. ಮೊಣಕಾಲು ನೋವು, ಎರಡನೆಯ ಮಗಳಿಗೆ ಗಂಡು ನೋಡುತ್ತಿರುವುದು, ಇಲ್ಲಿನ ಉಪ್ಪುಗಾಳಿ. ಎಷ್ಟೋ ಹೊತ್ತು ಅದೇ. ಆಮೇಲೆ ನಾನು ಹೇಳಿದೆ.

"ಕಾಕಾ, ಆ ಜಾಗ ನಕ್ಷೆಯಲ್ಲಿ ಹಾಕಿದ್ದು ನಾನು."

"ಗೊತ್ತುಂಟು." ಅವರು ನನ್ನನ್ನು ನೋಡಲಿಲ್ಲ. "ಮತ್ತೆ ಯಾರು ಹಾಕುದು? ಸಯೀದ್ ಬಾಬಾ ನಂಗೆ ಮಾತ್ರ ತೋರಿಸಿದ್ದು. ಅವರ ಮಗನಿಗೂ ತೋರಿಸಿರ್ಲಿಲ್ಲ. ಬಾಯಿ ಬಿಗಿ ಇಲ್ಲದವ ಅವನು ಅಂತ. ನಾನು ನಿಮ್ಗೆ ತೋರಿಸಿದೆ." ಮೊಣಕಾಲು ನೀವಿಕೊಂಡು ಹೇಳಿದರು: "ನನ್ನ ಅಕ್ಷರ ಓದಿದ್ರಲ್ಲ ನೀವು. ಈ ದೇಶದಲ್ಲಿ ಯಾರೂ ಓದಿರ್ಲಿಲ್ಲ. ಹಾಗೆ ಆಸೆ ಆಯ್ತು."

ಕ್ಷಮಿಸಿ ಎಂದೆನೋ ಇಲ್ಲವೋ, ಅದು ಅಳಿಸಿಹೋಗಿದೆ. ಅನ್ನಲಿಲ್ಲ ಎಂದೇ ತೋರುತ್ತದೆ. ಅದೇ ಅವರನ್ನು ಕಂಡ ಕೊನೆಯ ಸಲ. ಮುಂದಿನ ವರ್ಷ ಹೋದಾಗ ಆ ಕುರ್ಚಿಯಲ್ಲಿ ನೇಪಾಳದ ಒಬ್ಬರಿದ್ದರು. ಹಸನಬ್ಬ ಕೆಲಸ ಖಲಾಸ್ ಮಾಡಿಕೊಂಡು ಊರಿಗೆ ಹೋದರು, ಎದೆ ನೋವಿತ್ತು ಎಂದರು. ಬಂಟ್ವಾಳದ ಕಡೆಯವರೊಬ್ಬರು ಆಮೇಲೆ ಯಾವಾಗಲೋ ಅವರು ತೀರಿಕೊಂಡ ಸುದ್ದಿ ಹೇಳಿದರು.

ಆದರೆ ಆ ದಿನ ಹೊರಡುವ ಮೊದಲು ಆಡಿದ ಮಾತು ಒಂದೊಂದೂ ನೆನಪಿದೆ. ಇದರಲ್ಲಿ ನನಗೆ ಅನುಮಾನವಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

"ಹೋಗಿದ್ರಾ ಮೇಲೆ?" ಎಂದು ಕೇಳಿದರು.

"ಹೋದ ವಾರ ಹೋಗಿದ್ದೆ."

"ಬರ್ತಾವಾ?"

"ಬರ್ತಾವೆ" ಎಂದೆ. "ಎರಡು ದೊಡ್ಡವು. ಒಂದು ಮರಿ."

ಅವರು ಬಕೆಟ್ಟಿನ ಮೇಲೆ ಮುಂದಕ್ಕೆ ಬಾಗಿದರು. "ಯಾವ ಕಡೆಯಿಂದ ಇಳಿದದ್ದು?"

"ಎಡಗಡೆಯಿಂದ."

ಹೇಳಿದ ಕ್ಷಣವೇ ಆ ಜಾಗ ಕಣ್ಣಿಗೆ ಬಂತು. ಎಡಗಡೆ ಇರುವುದು ಆಳೆತ್ತರದ ಹತ್ತರಷ್ಟು ನೆಟ್ಟಗಿನ ನುಣುಪು ಗೋಡೆ. ಹಲ್ಲಿಯೂ ಇಳಿಯದು. ನಾವಿಬ್ಬರೂ ಕಂಡ ದಿನ ಅವು ಇಳಿದದ್ದು ಬಲಗಡೆಯ ಚಾಚಿನಿಂದ, ಇಳಿಯಲು ಬೇರೆ ದಾರಿಯೇ ಇಲ್ಲ.

ಹಸನಬ್ಬನವರು ನನ್ನ ಮುಖ ನೋಡಿದರು. ಆಮೇಲೆ ರಸ್ತೆಯ ಕಡೆ ನೋಡಿದರು. ಅಲ್ಲಿ ಲಾರಿಯೊಂದು ತಿರುಗಿಕೊಳ್ಳುತ್ತಿತ್ತು.

"ಎಡಗಡೆಯಿಂದವಾ" ಎಂದರು. "ಹಾಗಾದ್ರೆ ಮರಿಗೆ ಸ್ವಲ್ಪ ಕಷ್ಟ ಆಗ್ತದೆ."

ಲಾರಿ ಗೇಟಿನ ಮುಂದೆ ಬಂದು ನಿಂತಿತು. ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಗೇಟು ತೆಗೆಯಲು ಹೋದರು.